ಮಳೆ ನಕ್ಷತ್ರದ ಹಾದಿ ಹಿಡಿದು ಗೆಲಾಕ್ಸಿಯವರೆಗೆ: ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯವರಿಗೆ ಆಕಾಶ ನೋಡುವ ಸಮಗ್ರ ಮಾರ್ಗದರ್ಶಿ

ರೋಹಿಣಿ ಮಳೆ ಯಾವಾಗ ಕೂಡುತ್ತದೆ, ಮಿರಗ ಯಾವಾಗ, ಹುಬ್ಬಿ ಯಾವಾಗ ಅಂತ ನಮ್ಮ ಕಡೆ ಯಾವ ಹಳ್ಳಿಯ ಕಟ್ಟೆಗೆ ಹೋಗಿ ಕೇಳಿದರೂ ಉತ್ತರ ಸಿಗುತ್ತದೆ. ಅದೇ ಕಟ್ಟೆ ಮೇಲೆ ರಾತ್ರಿ ಕೂತು 'ಆ ಹುಬ್ಬಿ ನಕ್ಷತ್ರ ಮೇಲೆ ಎಲ್ಲೈತಿ, ಸ್ವಲ್ಪ ತೋರಸ್ರಿ' ಅಂದರೆ ಬಹಳ ಜನ ಸುಮ್ಮನಾಗಿಬಿಡುತ್ತಾರೆ. ಹೆಸರು ಬಾಯಲ್ಲಿದೆ, ಗುರುತು ಕಣ್ಣಿಗಿಲ್ಲ. ಈ ಬರಹ ಅವೆರಡನ್ನೂ ಜೋಡಿಸಲಿಕ್ಕೆ. ಮಳೆ ನಕ್ಷತ್ರಗಳ ಹೆಸರು ಗೊತ್ತಿದ್ದು, ಗೋಡೆಗೆ ತಿಥಿ ಇರುವ ಒಂದು ಕ್ಯಾಲೆಂಡರ್ ಇದ್ದು, ಕೈಗೊಂದು ಸಾಧಾರಣ ದುರ್ಬೀನು (ಬೈನಾಕ್ಯುಲರ್) ಸಿಕ್ಕರೆ, ನಮ್ಮ ಜೋಳದ ಹೊಲದಲ್ಲಿ ನಿಂತೇ ಲಕ್ಷಾಂತರ ಜ್ಯೋತಿರ್ವರ್ಷ (ಒಂದು ಜ್ಯೋತಿರ್ವರ್ಷ ಅಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ) ದೂರದ ಗೆಲಾಕ್ಸಿಗಳನ್ನು ನೋಡಬಹುದು. ಟೆಲಿಸ್ಕೋಪಿನ ಮಾತು ಆಮೇಲೆ.

ನೋಡಬೇಕಾದ್ದು ಮೂರು ಬಗೆ. ಒಟ್ಟಿಗೆ ಹುಟ್ಟಿದ ನಕ್ಷತ್ರಗಳ ಗುಂಪು ನಕ್ಷತ್ರಗುಚ್ಛ. ಇದರಲ್ಲಿ ಕೃತ್ತಿಕೆಯಂತಹ ಬಿಡಿಬಿಡಿ ಗುಚ್ಛ ಒಂದು ಜಾತಿ, ಲಕ್ಷಗಟ್ಟಲೆ ಮುದಿ ನಕ್ಷತ್ರಗಳು ಉಂಡೆಗಟ್ಟಿದ ಗೋಳಗುಚ್ಛ ಇನ್ನೊಂದು ಜಾತಿ. ಅನಿಲ ಮತ್ತು ದೂಳಿನ ಮೋಡ ನೀಹಾರಿಕೆ. ಕೆಲವು ನೀಹಾರಿಕೆಗಳಲ್ಲಿ ಹೊಸ ನಕ್ಷತ್ರ ಹುಟ್ಟುತ್ತವೆ, ಕೆಲವು ಸಾಯುವ ನಕ್ಷತ್ರ ಕಳಚಿಹಾಕಿದ ಪದರ. ಇವೆಲ್ಲ ನಮ್ಮ ಆಕಾಶಗಂಗೆಯ ಒಳಗೇ ಇವೆ. ಆಕಾಶಗಂಗೆಯಂತಹದ್ದೇ ಬೇರೆ ಬೇರೆ ಊರುಗಳು ಗೆಲಾಕ್ಸಿಗಳು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಬೇಜಾರಾಗಬಾರದು. ಫೋಟೋದಲ್ಲಿ ಕಾಣುವ ಕೆಂಪು, ನೀಲಿ, ನೇರಳೆ ಬಣ್ಣ ನಿಮ್ಮ ಕಣ್ಣಿಗೆ ಕಾಣುವುದಿಲ್ಲ. ಕ್ಯಾಮೆರಾ ನಿಮಿಷಗಟ್ಟಲೆ, ಗಂಟೆಗಟ್ಟಲೆ ಬೆಳಕು ಕೂಡಿಸುತ್ತದೆ, ಕಣ್ಣಿಗೆ ಆ ತಾಕತ್ತಿಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿನ ಬಣ್ಣ ಗುರುತಿಸುವ ಕೋಶಗಳು ಕೆಲಸ ನಿಲ್ಲಿಸುತ್ತವೆ, ಬರೀ ಬೂದು ಛಾಯೆ ಗುರುತಿಸುವ ಕೋಶಗಳಷ್ಟೇ ಉಳಿಯುತ್ತವೆ. ಹಾಗಾಗಿ ಹೆಚ್ಚಿನವು ಬೂದು ಮಬ್ಬಾಗಿಯೇ ಕಾಣುತ್ತವೆ. ಆ ಮಬ್ಬಿನೊಳಗೆ ಏನಿದೆ ಅಂತ ಗುರುತಿಸುವುದರಲ್ಲೇ ಇದರ ರುಚಿ ಇದೆ.

ಮೊದಲ ಹೆಜ್ಜೆ: ಕತ್ತಲ ರಾತ್ರಿ ಆರಿಸುವುದು

ಚಂದ್ರ ಇದ್ದರೆ ಗೆಲಾಕ್ಸಿ ಇಲ್ಲ. ಇಷ್ಟು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕಿ. ಅದರ ಹಿಂದಿನ ಒಂದು ವಾರ ಚಂದ್ರ ಮಧ್ಯರಾತ್ರಿ ದಾಟಿದ ಮೇಲೆ ಹುಟ್ಟುತ್ತಾನೆ, ಸಂಜೆಯೆಲ್ಲ ನಿಮ್ಮದೇ. ಅಮಾವಾಸ್ಯೆ ಆದಮೇಲೆ ಚೌತಿ ಪಂಚಮಿವರೆಗೂ ಅಡ್ಡಿಯಿಲ್ಲ, ಚಂದ್ರ ಬೇಗ ಮುಳುಗುತ್ತಾನೆ. ಅಷ್ಟಮಿಯಿಂದ ಹುಣ್ಣಿಮೆ ಕಡೆಗೆ ಹೋದಂತೆ ದುರ್ಬೀನು ಪೆಟ್ಟಿಗೆಯಲ್ಲಿಡಿ, ಇಲ್ಲವೇ ಚಂದ್ರನನ್ನೇ ನೋಡಿ.

ನಮ್ಮ ಹಬ್ಬಗಳೇ ಇದಕ್ಕೆ ಒಳ್ಳೆಯ ಗುರುತು. ಎಳ್ಳ ಅಮಾವಾಸ್ಯೆಗೆ ಹೇಗೂ ಚರಗ ಚೆಲ್ಲಲು ಎಲ್ಲರೂ ಹೊಲಕ್ಕೆ ಹೋಗಿರುತ್ತೀರಿ. ಡಿಸೆಂಬರ್ ಅಥವಾ ಜನವರಿ, ಒಣ ಹವೆ, ಚಂದ್ರನಿಲ್ಲದ ರಾತ್ರಿ. ಊಟ ಮುಗಿಸಿ ಗಾಡಿ ಹತ್ತಿ ವಾಪಸ್ ಬರುವ ಬದಲು ಎರಡು ಮೂರು ತಾಸು ಅಲ್ಲೇ ಉಳಿದರೆ ವರ್ಷದ ಅತ್ಯುತ್ತಮ ಆಕಾಶ ತಲೆ ಮೇಲೆ ಇರುತ್ತದೆ. ಶಿವರಾತ್ರಿ ಅಮಾವಾಸ್ಯೆಯ ಹಿಂದಿನ ಚತುರ್ದಶಿ, ಹೇಗೂ ಜಾಗರಣೆ. ಯುಗಾದಿ ಅಮಾವಾಸ್ಯೆಯ ಮರುದಿನ. ದೀಪಾವಳಿ ಅಮಾವಾಸ್ಯೆ ಮಾತ್ರ ಬಿಡಿ, ಪಟಾಕಿ ಹೊಗೆಯಲ್ಲಿ ಏನೂ ಕಾಣದು.

ಸೂರ್ಯ ಮುಳುಗಿದ ತಕ್ಷಣ ಶುರು ಮಾಡಬೇಡಿ. ಪೂರ್ತಿ ಕತ್ತಲಾಗಲು ನಮ್ಮ ಕಡೆ ಸುಮಾರು ಒಂದೂಕಾಲು ತಾಸು ಬೇಕು.

ಜಾಗ

ಬೆಳಗಾವಿ, ವಿಜಯಪುರ, ಬಾಗಲಕೋಟೆ ಊರೊಳಗಿನ ಮಾಳಿಗೆಯಿಂದ ಕೃತ್ತಿಕೆ, ಓರಿಯನ್ ನೀಹಾರಿಕೆ ಇಷ್ಟು ನೋಡಬಹುದು. ಅದಕ್ಕಿಂತ ಮಂದವಾದದ್ದು ಬೇಕೆಂದರೆ ಹೊರಗೆ ಹೋಗಲೇಬೇಕು. ವಿಜಯಪುರದವರಿಗೆ ಡೋಣಿ ಸಾಲಿನ ಎರೆ ಹೊಲಗಳಿವೆ. ಗಿಡಗಂಟಿ ಕಡಿಮೆ, ನಾಲ್ಕೂ ದಿಕ್ಕಿಗೆ ಬಾನಂಚು ತೆರೆದಿರುತ್ತದೆ. ಇಂತಹ ಬಯಲು ಮಲೆನಾಡಿನವರಿಗೆ ಸಿಗುವುದಿಲ್ಲ ನೋಡಿ. ಬಾಗಲಕೋಟೆಯವರು ಬಾದಾಮಿ ಸುತ್ತಲಿನ ಹಳ್ಳಿಗಳ ಹೊಲಕ್ಕೆ ಹೋಗಬಹುದು. ಬಾದಾಮಿ, ಪಟ್ಟದಕಲ್ಲಿನ ಸ್ಮಾರಕಗಳ ಆವರಣದೊಳಗೆ ರಾತ್ರಿಯೆಲ್ಲ ಉಳಿಯಲು ಬಿಡುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ. ಬೆಳಗಾವಿಯವರಿಗೆ ಖಾನಾಪುರದ ಕಡೆ ಕತ್ತಲು ಚೆನ್ನಾಗಿದೆ, ಆದರೆ ಕಾಡು ಮತ್ತು ಮಂಜು ಎರಡೂ ಇವೆ. ಅರಣ್ಯದೊಳಗೆ ಅನುಮತಿ ಇಲ್ಲದೆ ಹೋಗಬೇಡಿ. ಸವದತ್ತಿ ಕಡೆಯ ಬಯಲು ಇನ್ನೂ ವಾಸಿ ಅಂತ ನನ್ನ ಅನಿಸಿಕೆ.

ನಮ್ಮ ಸೀಮೆಗೇ ಇರುವ ಒಂದು ತೊಂದರೆ ಕಬ್ಬು. ಚಳಿಗಾಲ ಆಕಾಶಕ್ಕೆ ಒಳ್ಳೆಯ ಕಾಲ, ಅದೇ ಹೊತ್ತಿಗೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವುದು ನಡೆದಿರುತ್ತದೆ, ಹೊಲಗಳಲ್ಲಿ ರವದಿ ಸುಡುತ್ತಾರೆ. ಹೊಗೆ ಬಾನಂಚಿನಲ್ಲಿ ಪದರವಾಗಿ ನಿಂತುಬಿಡುತ್ತದೆ. ಕಾರ್ಖಾನೆ ನಿಮ್ಮ ಉತ್ತರಕ್ಕೆ ಬರುವ ಹಾಗೆ ಜಾಗ ಆರಿಸಿದರೆ ದಕ್ಷಿಣ ಸ್ವಚ್ಛ ಉಳಿಯುತ್ತದೆ. ದಕ್ಷಿಣ ಯಾಕೆ ಮುಖ್ಯ ಅಂತ ಮುಂದೆ ಗೊತ್ತಾಗುತ್ತದೆ.

ಕತ್ತಲು ಸಾಕಷ್ಟಿದೆಯೇ ಅಂತ ಪರೀಕ್ಷಿಸಲು ಯಾವ ಮೀಟರೂ ಬೇಡ. ಫೆಬ್ರವರಿ ಮಾರ್ಚ್‌ನಲ್ಲಿ ಪುಷ್ಯ ನಕ್ಷತ್ರದ ಜಾಗ ನೋಡಿ. ಅಲ್ಲಿ ಬರಿಗಣ್ಣಿಗೆ ಒಂದು ಮಬ್ಬು ಚುಕ್ಕೆ ಕಂಡರೆ ಜಾಗ ಚೆನ್ನಾಗಿದೆ. ಕಾಣದಿದ್ದರೆ ಇನ್ನೊಂದೆರಡು ಕಿಲೋಮೀಟರ್ ಮುಂದೆ ಹೋಗಿ.

ಹೊಲ ಯಾರದ್ದೋ ಅವರಿಗೆ ಹಗಲಲ್ಲೇ ಹೇಳಿ ಬನ್ನಿ. ರಾತ್ರಿ ಮೂರು ಕಾಲಿನ ಸ್ಟ್ಯಾಂಡ್ ಹೊತ್ತು ಹೊಲದಲ್ಲಿ ಓಡಾಡುವವರನ್ನು ಕಂಡರೆ ಯಾರಿಗಾದರೂ ಸಂಶಯ ಬರುತ್ತದೆ, ಅದರಲ್ಲೂ ಮೋಟಾರ್ ಕೇಬಲ್ ಕಳವಾಗುವ ಈ ಕಾಲದಲ್ಲಿ. 'ಯಾರ್ರೀ ಅದು?' ಅಂತ ಬ್ಯಾಟರಿ ನಿಮ್ಮ ಮುಖಕ್ಕೇ ಬಿಡುತ್ತಾರೆ, ಅರ್ಧ ತಾಸು ಕತ್ತಲಿಗೆ ಹೊಂದಿಸಿಕೊಂಡ ಕಣ್ಣು ಒಂದೇ ಕ್ಷಣದಲ್ಲಿ ಹಾಳು. ಹೇಳಿ ಹೋದರೆ ಹಾಗಾಗದು. ಹೊಲದವರು ತಾವೇ ಹೊರಸು ಹಾಕಿಕೊಟ್ಟು, ಪಂಪ್‌ಶೆಡ್ಡಿನ ಬಲ್ಬೂ ಆರಿಸುತ್ತಾರೆ, ಆಮೇಲೆ ಸರದಿಯಲ್ಲಿ ನಿಂತು ತಾವೂ ನೋಡುತ್ತಾರೆ. ಕಟ್ಟೆ ಇಲ್ಲದ ಬಾವಿ ಎಲ್ಲಿದೆ ಅಂತ ಹಗಲಲ್ಲೇ ನೋಡಿಟ್ಟುಕೊಳ್ಳಿ. ಹಾವು ಚೇಳಿನ ಸಲುವಾಗಿ ಬೂಟು ಹಾಕಿ. ಒಬ್ಬರೇ ಹೋಗಬೇಡಿ.

ಕಣ್ಣು ಪಳಗಿಸುವುದು

ಬೆಳಕಿನಿಂದ ಕತ್ತಲಿಗೆ ಬಂದ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಆ ಅರ್ಧ ತಾಸು ಮೊಬೈಲ್ ಮುಟ್ಟಬಾರದು. ಇದೇ ಎಲ್ಲಕ್ಕಿಂತ ಕಷ್ಟದ ಹೆಜ್ಜೆ, ಸುಳ್ಳಲ್ಲ. ನಕ್ಷೆ ನೋಡಲು ಕೆಂಪು ಬೆಳಕು ಬಳಸಿ, ಅದು ಕಣ್ಣಿನ ಹೊಂದಾಣಿಕೆಯನ್ನು ಅಷ್ಟು ಕೆಡಿಸುವುದಿಲ್ಲ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಕೆಂಪು ಜಿಲೆಟಿನ್ ಹಾಳೆಯನ್ನು ಮೂರ್ನಾಲ್ಕು ಮಡಿಕೆ ಮಾಡಿ ಬ್ಯಾಟರಿಯ ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದರೆ ಸಾಕು. ಸ್ಟೆಲೇರಿಯಂ ಎಂಬ ಆ್ಯಪ್ ಇದೆ, ನಿಮ್ಮ ಊರು, ದಿನ, ಹೊತ್ತು ಕೊಟ್ಟರೆ ಆಕಾಶ ತೋರಿಸುತ್ತದೆ. ಅದರಲ್ಲೂ ರಾತ್ರಿಗೆಂದೇ ಕೆಂಪು ಪರದೆ ಇದೆ, ಅದನ್ನು ಹಾಕಿಕೊಂಡು ಬೆಳಕು ಪೂರ್ತಿ ಇಳಿಸಿಬಿಡಿ.

ಎರಡನೆಯ ಉಪಾಯ ಓರೆ ನೋಟ. ಮಂದ ಬೆಳಕು ಹಿಡಿಯುವ ಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲ, ಸುತ್ತ ಇವೆ. ಅದಕ್ಕೇ ಮಬ್ಬಾದ ವಸ್ತುವನ್ನು ನೇರ ದಿಟ್ಟಿಸಿದರೆ ಅದು ಮಾಯವಾಗುತ್ತದೆ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಕಣ್ಣಂಚಿನಲ್ಲಿ ಎದ್ದು ಬರುತ್ತದೆ. ಮೊದಲಿಗೆ ಇದು ಅಭ್ಯಾಸ ಆಗುವುದಿಲ್ಲ, ಯಾಕೆಂದರೆ ಕಣ್ಣು ತನ್ನಷ್ಟಕ್ಕೆ ನೇರಕ್ಕೇ ಎಳೆಯುತ್ತದೆ. ಕೃತ್ತಿಕೆಯ ಮೇಲೆ ಅಭ್ಯಾಸ ಮಾಡಿ. ನೇರ ನೋಡಿದಾಗ ಎಷ್ಟು ಚುಕ್ಕೆ, ಓರೆಯಾಗಿ ನೋಡಿದಾಗ ಎಷ್ಟು ಎಣಿಸಿ.

ದುರ್ಬೀನು

10x50 ಅಂತ ಬರೆದದ್ದು ತೆಗೆದುಕೊಳ್ಳಿ. ಹತ್ತು ಪಟ್ಟು ದೊಡ್ಡದು ಮಾಡುತ್ತದೆ, ಮುಂದಿನ ಗಾಜಿನ ಅಗಲ 50 ಮಿಲಿಮೀಟರ್. 50ನ್ನು 10ರಿಂದ ಭಾಗಿಸಿದರೆ 5. ಅಷ್ಟು ಮಿಲಿಮೀಟರ್ ಅಗಲದ ಬೆಳಕಿನ ಕಂಬ ನಿಮ್ಮ ಕಣ್ಣಿಗೆ ಬರುತ್ತದೆ, ಕತ್ತಲಲ್ಲಿ ಅರಳಿದ ಕಣ್ಣಿನ ಪಾಪೆಗೆ ಇದು ಸರಿಹೊಂದುತ್ತದೆ. 7x50 ಕೂಡ ಒಳ್ಳೆಯದೇ, ಕೈ ನಡುಗಿದ್ದು ಕಡಿಮೆ ಕಾಣುತ್ತದೆ. 20 ಪಟ್ಟು, 30 ಪಟ್ಟು ಅಂತ ಬರೆದ ಸಣ್ಣ ದುರ್ಬೀನುಗಳ ಕಡೆ ಹೋಗಬೇಡಿ, ಕೈಯಲ್ಲಿ ಹಿಡಿದು ನೋಡಲಿಕ್ಕೇ ಬರುವುದಿಲ್ಲ.

ಹೊರಸಿನ ಮೇಲೆ ಅಂಗಾತ ಮಲಗಿ, ಮೊಣಕೈ ಎದೆಗೆ ಊರಿ ನೋಡಿ. ಕತ್ತು ನೋಯುವುದಿಲ್ಲ, ದುರ್ಬೀನು ಅಲುಗುವುದಿಲ್ಲ. ಕಂಬಳಿ, ಮಂಕಿ ಟೋಪಿ, ಕಟಕ ರೊಟ್ಟಿ, ಶೇಂಗಾ ಚಟ್ನಿ, ಬಿಸಿ ಚಹಾ ಜೊತೆಗಿರಲಿ. ಚಳಿ ಹತ್ತಿದರೆ ತಾಸಿನೊಳಗೆ ಮನೆ ನೆನಪಾಗುತ್ತದೆ.

ಆಕಾಶದಲ್ಲಿ ಅಳತೆಗೆ ಕೈಯೇ ಸಾಕು. ಕೈ ಪೂರ್ತಿ ಮುಂದಕ್ಕೆ ಚಾಚಿದಾಗ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನ ಅಗಲ 1 ಡಿಗ್ರಿ. ದುರ್ಬೀನಿನೊಳಗೆ ಒಮ್ಮೆಗೆ ಕಾಣುವ ಆಕಾಶ 6 ಡಿಗ್ರಿಯಷ್ಟು. ಈ ಲೆಕ್ಕ ಮುಂದೆ ಪದೇ ಪದೇ ಬೇಕು.

ಮಳೆ ನಕ್ಷತ್ರದ ಲೆಕ್ಕ

ರೋಹಿಣಿ ಮಳೆ ಅಂದರೆ ಸೂರ್ಯ ರೋಹಿಣಿ ನಕ್ಷತ್ರದ ಜಾಗದಲ್ಲಿರುವ ಹದಿಮೂರು ಹದಿನಾಲ್ಕು ದಿನ, ಸುಮಾರು ಮೇ 25ರಿಂದ. ಸೂರ್ಯ ಅಲ್ಲೇ ಇರುವಾಗ ಆ ನಕ್ಷತ್ರ ಹಗಲಲ್ಲಿ ಅವನ ಜೊತೆಗೇ ಹುಟ್ಟಿ ಮುಳುಗುತ್ತದೆ, ಅಂದರೆ ರೋಹಿಣಿ ಮಳೆಯಲ್ಲಿ ರೋಹಿಣಿ ಕಾಣುವುದೇ ಇಲ್ಲ. ಆರು ತಿಂಗಳು ಕೂಡಿಸಿ. ನವೆಂಬರ್ ಕೊನೆಗೆ ಅದೇ ರೋಹಿಣಿ ಮಧ್ಯರಾತ್ರಿಗೆ ನೆತ್ತಿ ಮೇಲೆ. ಎಲ್ಲ ಮಳೆ ನಕ್ಷತ್ರಕ್ಕೂ ಇದೇ ಸೂತ್ರ. ಮಳೆ ಯಾವಾಗ ಅಂತ ಗೊತ್ತಿದ್ದರೆ, ಆರು ತಿಂಗಳಿಗೆ ಅದು ನಡುರಾತ್ರಿ ಏರಿರುತ್ತದೆ. ಅಲ್ಲಿಂದ ಮುಂದೆ ತಿಂಗಳಿಗೆ ಎರಡು ತಾಸು ಬೇಗ, ಯಾಕೆಂದರೆ ನಕ್ಷತ್ರಗಳು ದಿನಕ್ಕೆ ಸುಮಾರು 4 ನಿಮಿಷ ಮುಂಚೆ ಹುಟ್ಟುತ್ತವೆ. ನಡುರಾತ್ರಿ ಕಾಯಲು ಆಗದವರು ಎರಡು ತಿಂಗಳು ತಡೆದರೆ ಎಂಟಕ್ಕೇ ಸಿಗುತ್ತದೆ.

ಎಳ್ಳ ಅಮಾವಾಸ್ಯೆಯ ಪಟ್ಟಿ

ಮುಳುಗುವುದನ್ನು ಮೊದಲು ನೋಡಬೇಕು, ಹುಟ್ಟುವುದಕ್ಕೆ ಅವಸರವಿಲ್ಲ. ಸಂಜೆ ಏಳೂವರೆ ಹೊತ್ತಿಗೆ ಉತ್ತರಕ್ಕೆ ಮುಖ ಮಾಡಿ ಮೇಲೆ ನೋಡಿದರೆ ಐದು ನಕ್ಷತ್ರಗಳ ಡೊಂಕು ಸಾಲು ಕ್ಯಾಸಿಯೋಪಿಯಾ ಕಾಣುತ್ತದೆ. ಅದರಲ್ಲಿ ಎರಡು ಮೂಲೆಗಳಿವೆ. ಹೆಚ್ಚು ಚೂಪಾದ ಮೂಲೆ ಬಾಣದಂತೆ ತೋರಿಸುವ ಕಡೆಗೆ, ನೆತ್ತಿಯತ್ತ, ಒಂದೂವರೆ ಮುಷ್ಟಿಯಷ್ಟು ಸರಿದರೆ ಆಂಡ್ರೊಮಿಡಾ ಗೆಲಾಕ್ಸಿ. ಇನ್ನೊಂದು ದಾರಿ ಉತ್ತರಾಭಾದ್ರಾ ಹಿಡಿದು. ಪೂರ್ವಾಭಾದ್ರಾ, ಉತ್ತರಾಭಾದ್ರಾ ಸೇರಿ ಆಗುವ ದೊಡ್ಡ ಚೌಕದ ಈಶಾನ್ಯ ಮೂಲೆಯಿಂದ ಒಂದು ಸಾಲು ಹೊರಟಿದೆ, ಅದರಲ್ಲಿ ಮುಂದಿನ ಪ್ರಕಾಶದ ನಕ್ಷತ್ರ ಮಿರಾಕ್. ಅಲ್ಲಿಂದ ಕ್ಯಾಸಿಯೋಪಿಯಾ ಕಡೆ ತಿರುಗಿ. ಮೊದಲು ಒಂದು ಮಂದ ನಕ್ಷತ್ರ, ಅಷ್ಟೇ ದೂರ ಮುಂದೆ ಇನ್ನೊಂದು ಇನ್ನೂ ಮಂದ, ಅದರ ಪಕ್ಕಕ್ಕೇ ಉದ್ದನೆಯ ಮಬ್ಬು. ಕತ್ತಲು ಒಳ್ಳೆಯದಿದ್ದರೆ ಬರಿಗಣ್ಣಿಗೇ ಸಿಗುತ್ತದೆ. 25 ಲಕ್ಷ ಜ್ಯೋತಿರ್ವರ್ಷ ದೂರ. ಪರ್ಷಿಯಾದ ಖಗೋಳಜ್ಞ ಅಲ್ ಸೂಫಿ ಕ್ರಿ.ಶ. 964ರ ಸುಮಾರಿಗೆ ಇದನ್ನು 'ಚಿಕ್ಕ ಮೋಡ' ಅಂತ ಬರೆದಿಟ್ಟ, ಅವನ ಹತ್ತಿರ ದುರ್ಬೀನೂ ಇರಲಿಲ್ಲ.

ದುರ್ಬೀನಿನಲ್ಲಿ ನೋಡುವಾಗ ನಡುವಿನ ಬೆಳಕಿನ ಗುಂಡಿಗಷ್ಟೇ ನಿಲ್ಲಬೇಡಿ. ಓರೆ ನೋಟದಲ್ಲಿ ಆ ಮಬ್ಬು ಎರಡೂ ಕಡೆ ಎಲ್ಲಿಯವರೆಗೆ ಹೋಗುತ್ತದೆ ನೋಡಿ. ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಹಲವು ಪಟ್ಟು ಉದ್ದ ಇದೆ ಅದು.

ಎಂಟೂವರೆಗೆ ಕ್ಯಾಸಿಯೋಪಿಯಾದ ಪೂರ್ವಕ್ಕೆ, ಪರ್ಸಿಯಸ್ ನಕ್ಷತ್ರಪುಂಜದ ಕಡೆ ಹೋಗುವ ಹಾದಿಯಲ್ಲಿ ಜೋಡಿ ಗುಚ್ಛ. ಪಕ್ಕಪಕ್ಕದಲ್ಲೇ ಎರಡು ನಕ್ಷತ್ರಗುಚ್ಛ, ಸುಮಾರು 7,500 ಜ್ಯೋತಿರ್ವರ್ಷ ದೂರ. ದುರ್ಬೀನಿಗೆ ಇದಕ್ಕಿಂತ ಚಂದದ್ದು ಉತ್ತರದಲ್ಲಿ ಇನ್ನೊಂದಿಲ್ಲ ಅಂತ ನಾನಂತೂ ಹೇಳುತ್ತೇನೆ.

ಹತ್ತರ ಹೊತ್ತಿಗೆ ಕೃತ್ತಿಕೆ ನೆತ್ತಿಗೆ. ಬರಿಗಣ್ಣಿಗೆ ಆರೇಳು, ದುರ್ಬೀನಿಗೆ ಹತ್ತಾರು. ಸುಮಾರು 440 ಜ್ಯೋತಿರ್ವರ್ಷ ದೂರ, ವಯಸ್ಸು ಸುಮಾರು 10 ಕೋಟಿ ವರ್ಷ. ನಕ್ಷತ್ರದ ಲೆಕ್ಕದಲ್ಲಿ ಎಳೆಯ ಮಕ್ಕಳು. ಪಕ್ಕದ ರೋಹಿಣಿಯ ಸುತ್ತ ಇರುವ ಗುಂಪು ಹೈಡೀಸ್, 150 ಜ್ಯೋತಿರ್ವರ್ಷ. ಆದರೆ ಕೆಂಪಗೆ ಹೊಳೆಯುವ ರೋಹಿಣಿ ಆ ಗುಂಪಿನದ್ದಲ್ಲ, ನಮಗೂ ಅದಕ್ಕೂ ನಡುವೆ 65 ಜ್ಯೋತಿರ್ವರ್ಷದಲ್ಲಿ ನಿಂತಿದೆ.

ಈಗ ಮಿರಗ. ಮೃಗಶಿರದ ಮೂರು ಸಣ್ಣ ಚುಕ್ಕೆ ಓರಿಯನ್ ನಕ್ಷತ್ರಪುಂಜದ ತಲೆ, ಅದರ ಪಕ್ಕದ ಭುಜ ಆರಿದ್ರಾ. ಸಾಲಾಗಿ ನಿಂತ ಮೂರು ನಕ್ಷತ್ರ ನಡುಪಟ್ಟಿ. ಪಟ್ಟಿಯಿಂದ ಜೋತುಬಿದ್ದ ಖಡ್ಗದ ನಡುವೆ ಮಬ್ಬಾಗಿ ಕಾಣುವುದೇ ಓರಿಯನ್ ನೀಹಾರಿಕೆ, ಎಂ 42 (ಈ 'ಎಂ' ಏನು ಅಂತ ಮುಂದೆ ಹೇಳುತ್ತೇನೆ). ಒಂಬತ್ತರಿಂದಲೇ ನೋಡಬಹುದು, ಅತಿ ಎತ್ತರ ಬರುವುದು ನಡುರಾತ್ರಿಯ ಹತ್ತಿರ. 1,350 ಜ್ಯೋತಿರ್ವರ್ಷದಷ್ಟು ದೂರದಲ್ಲಿ ನಕ್ಷತ್ರಗಳು ಹುಟ್ಟುತ್ತಿರುವ ಜಾಗ.

ಇಲ್ಲಿ ಅವಸರ ಮಾಡಬೇಡಿ, ಕಾಲು ತಾಸು ಕೊಡಿ. ಮೊದಲ ನೋಟಕ್ಕೆ ಖಡ್ಗದ ನಡುವಿನ ನಕ್ಷತ್ರದ ಸುತ್ತ ಬರೀ ಬೆಳಕಿನ ಮಸುಕು. ಎರಡು ಮೂರು ನಿಮಿಷಕ್ಕೆ ಆ ಮಸುಕಿನ ಒಂದು ಬದಿ ಚೂಪಾಗಿ, ಇನ್ನೊಂದು ಬದಿ ಹರಡಿಕೊಂಡು ಇರುವುದು ಗೊತ್ತಾಗುತ್ತದೆ. ಆಮೇಲೆ ಎರಡು ರೆಕ್ಕೆ ಬಿಚ್ಚುತ್ತವೆ, ನಡುವೆ ಒಂದು ಕಪ್ಪು ದೂಳಿನ ಕೊಲ್ಲಿ ಒಳಗೆ ನುಗ್ಗಿರುತ್ತದೆ. ಟೆಲಿಸ್ಕೋಪಿನಲ್ಲಿ 40 ಪಟ್ಟು ದೊಡ್ಡದು ಮಾಡಿದರೆ ನಟ್ಟನಡುವೆ ನಾಲ್ಕು ನಕ್ಷತ್ರ ಚೌಕಾಕಾರ ನಿಂತಿರುತ್ತವೆ, ಇಡೀ ನೀಹಾರಿಕೆಯನ್ನು ಹೊಳೆಯಿಸುವ ಕೆಲಸ ಹೆಚ್ಚಾಗಿ ಆ ಗುಂಪಿನದ್ದೇ. ದೊಡ್ಡ ಟೆಲಿಸ್ಕೋಪಿನಲ್ಲಿ ಸ್ವಲ್ಪ ಹಸಿರು ಛಾಯೆಯೂ ಕೆಲವರಿಗೆ ಕಾಣುತ್ತದೆ. ಕಣ್ಣಿಗೆ ಬಣ್ಣ ಕಾಣಬಹುದಾದ ಕೆಲವೇ ನೀಹಾರಿಕೆಗಳಲ್ಲಿ ಇದೊಂದು ಅನ್ನಬಹುದು.

ಇನ್ನೂ ಎಚ್ಚರ ಇದ್ದರೆ ಲುಬ್ಧಕದ (ರಾತ್ರಿ ಆಕಾಶದ ಅತಿ ಪ್ರಕಾಶದ ನಕ್ಷತ್ರ) ಕೆಳಗೆ, ದಕ್ಷಿಣಕ್ಕೆ 4 ಡಿಗ್ರಿ, ಎಂ 41 ಎಂಬ ಗುಚ್ಛ. ದುರ್ಬೀನಿನಲ್ಲಿ ಲುಬ್ಧಕವನ್ನು ಮೇಲಿನ ಅಂಚಿಗೆ ಇಟ್ಟರೆ ಕೆಳಗೆ ಅದು ಬಂದೇ ಬರುತ್ತದೆ.

ಶಿವರಾತ್ರಿಯಿಂದ ಯುಗಾದಿ: ಮಳೆ ನಕ್ಷತ್ರಗಳ ಹಿಂದಿನ ಗೆಲಾಕ್ಸಿಗಳು

ಪುಷ್ಯದ ಮಬ್ಬು ಚುಕ್ಕೆಯ ಮೇಲೆ ದುರ್ಬೀನು ಹಿಡಿಯಿರಿ. ಅದು ಒಡೆದು ನಕ್ಷತ್ರಗಳ ಗುಂಪಾಗುತ್ತದೆ. ಗೆಲಿಲಿಯೋ ತನ್ನ ಸಣ್ಣ ಟೆಲಿಸ್ಕೋಪಿನಲ್ಲಿ ಇಲ್ಲಿ ಸುಮಾರು 40 ನಕ್ಷತ್ರ ಎಣಿಸಿದ್ದ, ನಿಮ್ಮ 10x50ಗೆ ಅಷ್ಟಂತೂ ಸಿಗಬೇಕು. ಇದು ಎಂ 44.

'ಎಂ' ಅಂದರೆ ಮೆಸಿಯೆ. ಚಾರ್ಲ್ಸ್ ಮೆಸಿಯೆ 18ನೇ ಶತಮಾನದ ಫ್ರಾನ್ಸಿನವನು, ಧೂಮಕೇತು ಹುಡುಕುವುದು ಅವನ ಕೆಲಸ. ಧೂಮಕೇತುವಿನಂತೆ ಕಂಡು ದಾರಿ ತಪ್ಪಿಸುವ ಮಬ್ಬುಗಳನ್ನೆಲ್ಲ ಪಟ್ಟಿ ಮಾಡಿಟ್ಟ. ಈಗ ಆ ಪಟ್ಟಿಯಲ್ಲಿ 110 ಇವೆ. ನಾವು ಉತ್ತರ ಅಕ್ಷಾಂಶ 16, 17ರ ಹತ್ತಿರ ಇರುವುದರಿಂದ 110ಕ್ಕೆ 110ನ್ನೂ ಇಲ್ಲಿಂದಲೇ ನೋಡಬಹುದು. ಆದರೆ ಮೆಸಿಯೆಗೆ ಪ್ಯಾರಿಸಿನಿಂದ ಕಾಣದ, ಪಟ್ಟಿಯಲ್ಲಿ ಇಲ್ಲದ ಒಳ್ಳೆಯ ಸರಕೂ ನಮ್ಮ ದಕ್ಷಿಣದಲ್ಲಿದೆ.

ಈಗ ಸಾಲಾಗಿ ಬನ್ನಿ. ಮಘಾ ಸಿಂಹದ ಹೃದಯ. ಅದರ ಪೂರ್ವಕ್ಕೆ ಹುಬ್ಬಿಯ ಎರಡು ನಕ್ಷತ್ರ, ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ. ದಕ್ಷಿಣದ್ದರಿಂದ ಎರಡೂವರೆ ಮೂರು ಡಿಗ್ರಿ ಕೆಳಗೆ ಎಂ 65, ಎಂ 66 ಎಂಬ ಎರಡು ಗೆಲಾಕ್ಸಿ. ಸುಮಾರು 3.5 ಕೋಟಿ ಜ್ಯೋತಿರ್ವರ್ಷ ದೂರ. 10x50ಗೆ ಇವು ಕಷ್ಟದ ಪರೀಕ್ಷೆ, 6 ಇಂಚಿನ ಟೆಲಿಸ್ಕೋಪಿಗೆ ಸುಲಭ. ಹುಬ್ಬಿಯ ಮುಂದೆ ಉತ್ತರಾ, ಸಿಂಹದ ಬಾಲ. ಉತ್ತರಾದಿಂದ ಪೂರ್ವಕ್ಕೆ ಕನ್ಯಾ ರಾಶಿಯೊಳಗೆ ಸರಿಯುತ್ತಾ ಹೋದರೆ ಸಾವಿರಕ್ಕೂ ಜಾಸ್ತಿ ಗೆಲಾಕ್ಸಿಗಳ ಗುಂಪು ಇದೆ, ಐದು ಕೋಟಿಗೂ ಹೆಚ್ಚು ಜ್ಯೋತಿರ್ವರ್ಷ ದೂರ. ಟೆಲಿಸ್ಕೋಪ್ ಇದ್ದವರು ಇಲ್ಲಿ ನಿಧಾನಕ್ಕೆ ಸರಿಸುತ್ತಾ ಹೋದರೆ ಒಂದಾದ ಮೇಲೊಂದು ಮಬ್ಬು ಬರುತ್ತಲೇ ಇರುತ್ತವೆ, ಯಾವುದು ಯಾವುದು ಅಂತ ಗುರುತಿಸುವುದೇ ತಲೆನೋವು. ಅದರಲ್ಲಿ ಒಂದು ಎಂ 87, ಅದರ ನಡುವಿನ ಕಪ್ಪುರಂಧ್ರದ ಚಿತ್ರ 2019ರಲ್ಲಿ ಪತ್ರಿಕೆಗಳ ಮುಖಪುಟದಲ್ಲಿ ಬಂದಿತ್ತಲ್ಲ, ಅದೇ. ಕಣ್ಣಿಗೆ ಕಾಣುವುದು ಗುಂಡಗಿನ ಮಬ್ಬು ಮಾತ್ರ.

ಹಸ್ತ ನೋಡಿದರೆ ತಕ್ಷಣ ಗುರುತು ಸಿಗುತ್ತದೆ, ನಾಲ್ಕು ನಕ್ಷತ್ರಗಳ ಓರೆ ಚೌಕ. ಅದರ ಈಶಾನ್ಯ ಮೂಲೆಯಿಂದ ಅರ್ಧ ಮುಷ್ಟಿ ಮೇಲೆ ಎಂ 104, ಅಗಲ ಟೋಪಿಯಂತೆ ಕಾಣುವ ಗೆಲಾಕ್ಸಿ. ಸುಮಾರು 3 ಕೋಟಿ ಜ್ಯೋತಿರ್ವರ್ಷ.

ಚಿತ್ತಾದಿಂದ ಕೆಳಗೆ ಇಳಿದರೆ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ವಸ್ತು ನೋಡಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಸಪ್ತರ್ಷಿ ಮಂಡಲದ ಹಿಡಿಯ ಬಾಗನ್ನೇ ಮುಂದುವರಿಸಿದರೆ ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮುಂದೆ ಬೆಳ್ಳಗಿನ ಚಿತ್ತಾ. ಚಿತ್ತಿ ಮಳೆ ಅಕ್ಟೋಬರ್ 10ರ ಸುಮಾರಿಗೆ ಕೂಡುತ್ತದೆ, ಆರು ತಿಂಗಳು ಕೂಡಿಸಿದರೆ ಏಪ್ರಿಲ್ ನಡುಭಾಗ. ಆಗ ಮಧ್ಯರಾತ್ರಿ ದಾಟುತ್ತಲೇ, ಮೇ ನಡುವೆ ರಾತ್ರಿ ಹತ್ತೂವರೆ ಹೊತ್ತಿಗೆ, ಚಿತ್ತಾ ನೇರ ದಕ್ಷಿಣಕ್ಕೆ ನಿಲ್ಲುತ್ತದೆ.

ಅಲ್ಲಿಂದ ಬಾನಂಚಿನ ಕಡೆಗೆ ನೇರ ಕೆಳಕ್ಕೆ ಗೆರೆ ಎಳೆಯಿರಿ. ಮೂರೂವರೆ ಮುಷ್ಟಿ ಇಳಿದರೆ ಒಮೆಗಾ ಸೆಂಟಾರಿ ಎಂಬ ಗೋಳಗುಚ್ಛ. ವಿಜಯಪುರದಿಂದ ಅದು ಬಾನಂಚಿನಿಂದ ಸುಮಾರು 25 ಡಿಗ್ರಿ ಮೇಲೆ ಬರುತ್ತದೆ, ಬೆಳಗಾವಿಯಿಂದ ಇನ್ನೊಂದು ಡಿಗ್ರಿ ಜಾಸ್ತಿ. ಲಂಡನ್ನಿನಲ್ಲಿ, ಪ್ಯಾರಿಸಿನಲ್ಲಿ ಇದು ಬಾನಂಚಿನ ಮೇಲೆ ಏಳುವುದೇ ಇಲ್ಲ. ಇಂಗ್ಲೆಂಡಿನ ಖಗೋಳಜ್ಞ ಎಡ್ಮಂಡ್ ಹ್ಯಾಲಿ 1677ರಲ್ಲಿ ಇದನ್ನು ಗುರುತಿಸಲು ದಕ್ಷಿಣ ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪಕ್ಕೆ ಹೋಗಬೇಕಾಗಿತ್ತು. ನಮಗೆ ಹೊಲದ ಬದುವಿನ ಮೇಲೆ ಕೂತರೆ ಸಾಕು.

ಬರಿಗಣ್ಣಿಗೆ ಸ್ವಲ್ಪ ಮಸುಕಾದ ನಕ್ಷತ್ರ. ದುರ್ಬೀನಿನಲ್ಲಿ ದುಂಡಗಿನ ದೊಡ್ಡ ಮಬ್ಬು, ನಕ್ಷತ್ರದಂತೆ ಚೂಪಾಗುವುದೇ ಇಲ್ಲ. 6 ಇಂಚು, 8 ಇಂಚಿನ ಟೆಲಿಸ್ಕೋಪಿನಲ್ಲಿ ನೂರು ಪಟ್ಟು ದೊಡ್ಡದು ಮಾಡಿದಾಗ ಮಾತ್ರ ಕರಿ ಬಟ್ಟೆ ಮೇಲೆ ಸಣ್ಣ ರವೆ ಚೆಲ್ಲಿದಂತೆ ಪೂರ್ತಿ ಚುಕ್ಕೆಚುಕ್ಕೆಯಾಗುತ್ತದೆ. ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿ ಒಂದು ಕೋಟಿಯಷ್ಟು ನಕ್ಷತ್ರ. ಯಾವುದೋ ಸಣ್ಣ ಗೆಲಾಕ್ಸಿಯನ್ನು ಆಕಾಶಗಂಗೆ ನುಂಗಿದಾಗ ಉಳಿದ ನಡುವಿನ ಗಟ್ಟಿ ಇದು ಅಂತ ಬಹಳ ವಿಜ್ಞಾನಿಗಳ ಅಭಿಪ್ರಾಯ.

ಈಗ ದುರ್ಬೀನಿನಲ್ಲಿ ಒಮೆಗಾವನ್ನು ಕೆಳಗಿನ ಅಂಚಿಗೆ ಸರಿಸಿ. ನಾಲ್ಕೂವರೆ ಡಿಗ್ರಿ ಮೇಲೆ, ಅದೇ ನೋಟದ ಮೇಲಂಚಿನಲ್ಲಿ, ತೀರಾ ಮಂದವಾದ ಒಂದು ಗುಂಡಗಿನ ಮಬ್ಬು ಇದೆ. ಸೆಂಟಾರಸ್ ಎ. ಅದು ಗೆಲಾಕ್ಸಿ, ಸುಮಾರು 1.2 ಕೋಟಿ ಜ್ಯೋತಿರ್ವರ್ಷ. ಟೆಲಿಸ್ಕೋಪಿನಲ್ಲಿ ಅದರ ನಡುವೆ ಅಡ್ಡ ಹಾದುಹೋದ ಕಪ್ಪು ದೂಳಿನ ಪಟ್ಟಿಯೂ ಕಾಣುತ್ತದೆ. ಒಂದೇ ನೋಟದಲ್ಲಿ ಕೆಳಗೆ ಹದಿನೇಳು ಸಾವಿರ, ಮೇಲೆ ಒಂದೂಕಾಲು ಕೋಟಿ ಹತ್ತಿರ. ದಕ್ಷಿಣದ ಬಾನಂಚು ಸ್ವಚ್ಛ ಇರಬೇಕು ಅಂದದ್ದು ಇದಕ್ಕೇ. ಬೇಸಿಗೆಯ ದೂಳು ಅಡ್ಡಿ ಮಾಡುತ್ತದೆ ನಿಜ, ಆದರೆ ಸಂಜೆ ಗುಡುಗು ಮಳೆ ಒಂದು ಬಿದ್ದು ಹೋದರೆ ರಾತ್ರಿ ಆಕಾಶ ತೊಳೆದಿಟ್ಟಂತಿರುತ್ತದೆ. ಅಂತಹ ರಾತ್ರಿ ಬಿಡಬೇಡಿ.

ಮೇ ರಾತ್ರಿಗಳು ಮತ್ತು ಮಳೆಗಾಲದ ಬಿಡುವು

ಮೇ ತಿಂಗಳಲ್ಲಿ ನಡುರಾತ್ರಿಯ ನಂತರ ಆಕಾಶಗಂಗೆಯ ನಡುಭಾಗವೇ ಮೇಲೆ ಬರುತ್ತದೆ. ಜ್ಯೇಷ್ಠಾ ನಕ್ಷತ್ರದ ಪಕ್ಕಕ್ಕೆ, ಪಶ್ಚಿಮಕ್ಕೆ ಒಂದೂಕಾಲು ಡಿಗ್ರಿಯಲ್ಲಿ ಎಂ 4 ಗೋಳಗುಚ್ಛ. ಮೂಲಾ ಇರುವುದು ಚೇಳಿನ ಕೊಂಡಿಯಲ್ಲಿ. ಅದರ ಈಶಾನ್ಯಕ್ಕೆ ಎಂ 6, ಎಂ 7. ಎರಡೂ ಒಂದೇ ನೋಟದಲ್ಲಿ ಸಿಗುತ್ತವೆ. ಎಂ 7 ಬರಿಗಣ್ಣಿಗೇ ಕಾಣುತ್ತದೆ, ಪ್ರಾಚೀನ ಖಗೋಳಜ್ಞ ಟಾಲೆಮಿ ಇದರ ಬಗ್ಗೆ ಸುಮಾರು 1,900 ವರ್ಷದ ಹಿಂದೆ ಬರೆದಿದ್ದಾನೆ. ಧನು ರಾಶಿಯ ಚಹಾ ಕಿಟ್ಲಿ ಆಕಾರದ ಮೂತಿಯ ಮೇಲೆ ಎಂ 8 ನೀಹಾರಿಕೆ, ಮುಚ್ಚಳದ ಎಡಕ್ಕೆ ಎಂ 22 ಗೋಳಗುಚ್ಛ. ಇಲ್ಲಿ ಹೆಸರು ಹಿಡಿದು ಹುಡುಕುವುದಕ್ಕಿಂತ ಹೊರಸಿನ ಮೇಲೆ ಮಲಗಿ ದುರ್ಬೀನನ್ನು ಸುಮ್ನೆ ಅಡ್ಡಾಡಿಸುವುದೇ ಚೆನ್ನ. ಏನೋ ಒಂದು ಸಿಗುತ್ತಲೇ ಇರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾನಾಪುರ, ಬೆಳಗಾವಿ ಕಡೆಯವರು ಆಸೆ ಬಿಡಿ. ವಿಜಯಪುರದಲ್ಲಿ ಮಳೆ ಕೈಕೊಟ್ಟ ದಿನಗಳಲ್ಲಿ ಮೋಡದ ಸಂದಿಯಲ್ಲಿ ಅಭಿಜಿತ್ ನಕ್ಷತ್ರದ ಪಕ್ಕದ ಹರ್ಕ್ಯುಲಿಸ್ ಪುಂಜದ ಎಂ 13 ಗೋಳಗುಚ್ಛ ಸಿಗಬಹುದು. ರೈತರಿಗೆ ಬೇಡವಾದ ಆಕಾಶ ನಮಗೆ ಬೇಕು, ಏನು ಮಾಡುವುದು.

ಟೆಲಿಸ್ಕೋಪ್ ಯಾವಾಗ, ಎಂತಹದ್ದು

ಮೇಲಿನದ್ದರಲ್ಲಿ ಅರ್ಧದಷ್ಟನ್ನಾದರೂ ನಕ್ಷೆ ಇಲ್ಲದೆ ದುರ್ಬೀನಿನಲ್ಲಿ ಹಿಡಿಯಲು ಬಂದಾಗ. ಅದಕ್ಕೂ ಮುಂಚೆ ಕೊಂಡರೆ ಅದು ಅಟ್ಟ ಸೇರುತ್ತದೆ. 525 ಪಟ್ಟು, 675 ಪಟ್ಟು ಅಂತ ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದದ್ದನ್ನು ಮುಟ್ಟಬೇಡಿ. ಕನ್ನಡಿಯ ಅಗಲ ಎಷ್ಟು ಮಿಲಿಮೀಟರ್ ಇದೆಯೋ ಅದರ ಎರಡು ಪಟ್ಟಿಗಿಂತ ಜಾಸ್ತಿ ದೊಡ್ಡದು ಮಾಡಿದರೆ ಮಸುಕು ಮಾತ್ರ ದೊಡ್ಡದಾಗುತ್ತದೆ. ನಮಗೆ ಬೇಕಾದದ್ದು ಬೆಳಕು, ಅಂದರೆ ಅಗಲ. 6 ಇಂಚು ಅಥವಾ 8 ಇಂಚು ಕನ್ನಡಿಯ ಡಾಬ್ಸೋನಿಯನ್ ಸಾಕು, ಮರದ ಪೀಠದ ಮೇಲೆ ಕೈಯಿಂದಲೇ ತಿರುಗಿಸುವಂತಹದ್ದು. ಮೋಟಾರು, ಕಂಪ್ಯೂಟರು ಬೇಡ.

ಎಷ್ಟು ಪಟ್ಟು ಅಂತ ತಿಳಿಯಲು ಕನ್ನಡಿಯ ನಾಭಿದೂರವನ್ನು (ಫೋಕಲ್ ಲೆಂಗ್ತ್) ಐಪೀಸಿನ, ಅಂದರೆ ಕಣ್ಣಿಟ್ಟು ನೋಡುವ ಗಾಜಿನ, ನಾಭಿದೂರದಿಂದ ಭಾಗಿಸಿ. 1,200 ಮಿಲಿಮೀಟರಿಗೆ 25ರ ಐಪೀಸ್ ಹಾಕಿದರೆ 48 ಪಟ್ಟು, 10ರದ್ದು ಹಾಕಿದರೆ 120. ಹುಡುಕುವಾಗ ಯಾವಾಗಲೂ 25ರದ್ದೇ ಇರಲಿ. ಗೋಳಗುಚ್ಛಕ್ಕೆ ಆಮೇಲೆ 10ರದ್ದು ಹಾಕಿ, ಆಂಡ್ರೊಮಿಡಾಕ್ಕೆ ಹಾಕಬೇಡಿ, ಅದು ನೋಟದ ಹೊರಗೇ ಹೋಗುತ್ತದೆ. ಮಬ್ಬು ಸಿಗದಿದ್ದರೆ ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಅಲುಗಿದ ವಸ್ತುವನ್ನು ಕಣ್ಣು ಬೇಗ ಹಿಡಿಯುತ್ತದೆ. ಮನೆಯಿಂದ ಹೊರಗೆ ತಂದ ಮೇಲೆ ಕನ್ನಡಿ ತಣ್ಣಗಾಗಲು ಅರ್ಧ ಮುಕ್ಕಾಲು ತಾಸು ಬಿಡಿ, ಕಣ್ಣು ಹೊಂದುವ ಹೊತ್ತೂ ಅದೇ. ನೀಹಾರಿಕೆಗೆಂದು ಫಿಲ್ಟರ್ ಸಿಗುತ್ತವೆ, ಅವು ನೀಹಾರಿಕೆಗೆ ನಿಜಕ್ಕೂ ಸಹಾಯ. ಗೆಲಾಕ್ಸಿಗೂ ಗುಚ್ಛಕ್ಕೂ ಉಪಯೋಗವಿಲ್ಲ, ಅಂಗಡಿಯವರು ಏನೇ ಹೇಳಲಿ.

ಒಂದು ನೋಟ್‌ಬುಕ್ ಇಡಿ. ತಾರೀಖು, ಹೊತ್ತು, ಜಾಗ, ಆಕಾಶ ಹೇಗಿತ್ತು, ಕಂಡ ಆಕಾರದ ಒಂದು ಪೆನ್ಸಿಲ್ ಗೀಟು. ಚಿತ್ರ ಬರೆಯಲು ಬರದಿದ್ದರೂ ಪರವಾಗಿಲ್ಲ, ಬರೆಯುವ ಸಲುವಾಗಿ ನೋಡಿದಾಗ ಕಣ್ಣು ಇನ್ನೊಂದಿಷ್ಟು ಹಿಡಿಯುತ್ತದೆ.

ಮಳೆಗಾಲದಲ್ಲಿ ದುರ್ಬೀನು, ಐಪೀಸುಗಳನ್ನು ಚರ್ಮದ ಚೀಲದಲ್ಲಿ ಇಡಬೇಡಿ, ಗಾಜಿಗೆ ಬೂಸ್ಟು ಹಿಡಿಯುತ್ತದೆ, ಬೆಳಗಾವಿ ಕಡೆಯಂತೂ ಖಂಡಿತ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ತಿಂಗಳಿಗೊಮ್ಮೆ ಪೊಟ್ಟಣಗಳನ್ನು ಬಿಸಿಲಿಗೆ ಹಾಕಿ ತೆಗೆಯಿರಿ. ಗಾಜಿನ ಮೇಲೆ ದೂಳು ಕೂತಿದ್ದರೆ ಊದುವ ರಬ್ಬರ್ ಬಲ್ಬಿನಿಂದ ಹಾರಿಸಿ. ಅಂಗಿಯ ಚುಂಗಿನಿಂದ ಒರೆಸಬೇಡಿ, ನಮ್ಮ ಎರೆ ಮಣ್ಣಿನ ದೂಳು ಗಾಜನ್ನು ಗೀರಿಬಿಡುತ್ತದೆ.